ಆ್ಯಪ್, ವೆಬ್‌ಸೈಟ್ ಮಾಡಿಸುವ ಮುಂಚೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಶಿವಮೊಗ್ಗದಲ್ಲಿ ಕೂತು ಆ್ಯಪ್ ಮತ್ತು ವೆಬ್‌ಸೈಟ್ ಮಾಡಿಕೊಡುತ್ತೇನೆ. ಕಂಪನಿ ಇಲ್ಲ, ಟೀಮ್ ಇಲ್ಲ, ಇರುವುದು ನಾನೊಬ್ಬನೇ. ಹೋಂಸ್ಟೇ ನಡೆಸುವವರು, ಅಡಿಕೆ ವ್ಯಾಪಾರಿಗಳು, ಕ್ಲಿನಿಕ್, ಟ್ಯೂಷನ್ ಸೆಂಟರ್, ಕಲ್ಯಾಣ ಮಂಟಪದವರು ಹೆಚ್ಚಾಗಿ ಬರುತ್ತಾರೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಫೋನ್ ಮಾಡುವ ಮುಂಚೆ ಒಮ್ಮೆ ಓದಿಕೊಂಡರೆ ಇಬ್ಬರಿಗೂ ಸಮಯ ಉಳಿಯುತ್ತದೆ.

ನಮಗೆ ಆ್ಯಪ್ ಬೇಕಾ, ವೆಬ್‌ಸೈಟ್ ಸಾಕಾ?

ಬಹಳಷ್ಟು ಜನರಿಗೆ ವೆಬ್‌ಸೈಟ್ ಸಾಕು. ಜೋಗ ನೋಡಲು ವರ್ಷಕ್ಕೊಮ್ಮೆ ಬರುವವರು ನಿಮ್ಮ ಹೋಂಸ್ಟೇ ಆ್ಯಪನ್ನು ಫೋನಿಗೆ ಇಳಿಸಿಕೊಳ್ಳುವುದಿಲ್ಲ. ಇಳಿಸಿಕೊಂಡರೂ ಮನೆಗೆ ಹೋದ ಮೇಲೆ ತೆಗೆದುಹಾಕುತ್ತಾರೆ. ಅವರಿಗೆ ಬೇಕಾದ್ದು ಫೋಟೋ, ದರ, ದಾರಿ, ರೂಮು ಖಾಲಿ ಇದೆಯಾ ಅನ್ನುವ ಉತ್ತರ. ಅಷ್ಟೂ ಒಂದು ವೆಬ್‌ಸೈಟ್‌ನಲ್ಲಿ ಸಿಗುತ್ತದೆ.

ದಿನಾ ತೆರೆಯುವ ಕೆಲಸ ಇದ್ದರೆ ಆ್ಯಪ್ ಮಾಡಿಸಿ. ನೆಟ್‌ವರ್ಕ್ ಸಿಗದ ಕಡೆ ಕೆಲಸ ನಡೆಯಬೇಕಾದರೂ ಆ್ಯಪ್ ಒಳ್ಳೆಯದು. ತೋಟಕ್ಕೇ ಹೋಗಿ ಹಸಿ ಅಡಿಕೆ ತೂಕ ಬರೆದುಕೊಳ್ಳುವವರು, ಮನೆಮನೆಗೆ ಹಾಲು ಹಾಕಿ ಲೆಕ್ಕ ಇಡುವವರು ಇದಕ್ಕೆ ಸರಿಯಾದ ಉದಾಹರಣೆ. ಲೆಕ್ಕ ಮೊದಲು ಫೋನಿನಲ್ಲೇ ಉಳಿದಿರುತ್ತದೆ, ಸಿಗ್ನಲ್ ಬಂದಾಗ ಸರ್ವರ್‌ಗೆ ಹೋಗುತ್ತದೆ. ಇವೆರಡರ ನಡುವಿನ ದಾರಿಯೂ ಒಂದಿದೆ. ವೆಬ್‌ಸೈಟನ್ನೇ ಫೋನಿನ ಹೋಂ ಸ್ಕ್ರೀನ್‌ಗೆ ಸೇರಿಸಿಕೊಳ್ಳುವಂತೆ ಮಾಡಬಹುದು. ಐಕಾನ್ ಇರುತ್ತದೆ, ಸ್ಟೋರ್‌ನ ರಗಳೆ ಇರುವುದಿಲ್ಲ.

ವೆಬ್‌ಸೈಟನ್ನು ಸುಮ್ನೆ ಆ್ಯಪ್ ಒಳಗೆ ತುಂಬಿ ಕೊಡಿ ಅಂತ ಕೆಲವರು ಕೇಳುತ್ತಾರೆ. ಆಪಲ್ ಅಂಥದ್ದನ್ನು ಸಾಮಾನ್ಯವಾಗಿ ತಿರಸ್ಕರಿಸುತ್ತದೆ. ಬೇರೆ ಉಪಯೋಗ ಏನೂ ಇಲ್ಲದ ಆ್ಯಪ್ ಬೇಡ ಅಂತ ಅವರ ನಿಯಮದಲ್ಲೇ ಬರೆದಿದೆ.

ವೆಬ್‌ಸೈಟೂ ಇಲ್ಲದೆ ನಡೆಯಲ್ವಾ?

ನಡೆಯುತ್ತದೆ. ಊರೊಳಗಿನ ಗಿರಾಕಿಗಳೇ ಜಾಸ್ತಿ ಇದ್ದರೆ ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿ, ಸಮಯ ಮತ್ತು ಫೋಟೋ ಹಾಕಿ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ದರಪಟ್ಟಿ ಇಡಿ. ಎರಡಕ್ಕೂ ದುಡ್ಡಿಲ್ಲ, ನನ್ನ ಅಗತ್ಯವೂ ಇಲ್ಲ.

ಎಷ್ಟಾಗುತ್ತೆ?

ನಾಲ್ಕೈದು ಪುಟದ ಸಾದಾ ಸೈಟ್‌ಗೆ 18,000 ರೂಪಾಯಿಯಿಂದ ಶುರು. ಬುಕಿಂಗ್, ಪೇಮೆಂಟ್ ಸೇರಿದರೆ 45,000ದಿಂದ. ಆ್ಯಪ್ ಅಂದರೆ ಲಕ್ಷದ ಹತ್ತಿರದಿಂದ ಮಾತು ಶುರುವಾಗುತ್ತದೆ. ಎಷ್ಟು ಪರದೆ ಅನ್ನುವುದಕ್ಕಿಂತ ಎಷ್ಟು ಥರದ ಬಳಕೆದಾರರು ಅನ್ನುವುದೇ ಖರ್ಚು ಏರಿಸುತ್ತದೆ. ಮಾಲೀಕರಿಗೆ ಒಂದು ಲಾಗಿನ್, ಗುಮಾಸ್ತರಿಗೆ ಇನ್ನೊಂದು, ಗಿರಾಕಿಗೆ ಮತ್ತೊಂದು ಅಂದರೆ ಅಲ್ಲಿಗೆ ಮೂರು ಆ್ಯಪ್ ಬರೆದಷ್ಟು ಕೆಲಸ.

ಶೇ 40 ಮುಂಗಡ, ಅರ್ಧ ಕೆಲಸ ತೋರಿಸಿದಾಗ ಶೇ 30, ಮುಗಿದಾಗ ಉಳಿದದ್ದು. ಚೌಕಾಸಿ ಮಾಡಬಹುದು. ಆದರೆ ದರ ಇಳಿಸಿದರೆ ಕೆಲಸವನ್ನೂ ಇಳಿಸುತ್ತೇನೆ, ಯಾವುದನ್ನು ಬಿಟ್ಟೆ ಅಂತ ಬರೆದು ಕೊಡುತ್ತೇನೆ.

ವರ್ಷ ವರ್ಷ ಕಟ್ಟಬೇಕಾದ್ದು ಏನೇನು?

ಡೊಮೇನ್, ಅಂದರೆ ಸೈಟ್‌ನ ಹೆಸರಿಗೆ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಮೊದಲ ವರ್ಷ ಆಫರ್‌ನಲ್ಲಿ ಅಗ್ಗಕ್ಕೆ ಕೊಟ್ಟು ನವೀಕರಣಕ್ಕೆ ಜಾಸ್ತಿ ತೆಗೆದುಕೊಳ್ಳುವವರಿದ್ದಾರೆ. ಕೊಳ್ಳುವಾಗ ಎರಡನೇ ವರ್ಷದ ದರ ನೋಡಿ. ಸಾದಾ ಸೈಟನ್ನು ಕ್ಲೌಡ್‌ಫ್ಲೇರ್ ಪೇಜಸ್‌ನಂಥ ಕಡೆ ಉಚಿತವಾಗಿ ಇಡಬಹುದು. ಬುಕಿಂಗ್, ಲೆಕ್ಕ ಉಳಿಸಿಡುವ ಡೇಟಾಬೇಸ್ ಬೇಕಿದ್ದರೆ ಹೋಸ್ಟಿಂಗ್‌ಗೆ, ಅಂದರೆ ಸೈಟ್ ಇಡುವ ಜಾಗಕ್ಕೆ, ಸಾಮಾನ್ಯವಾಗಿ ದುಡ್ಡು ಕಟ್ಟಬೇಕು. ಬ್ರೌಸರ್‌ನಲ್ಲಿ ‘ಸುರಕ್ಷಿತವಲ್ಲ’ ಎಂದು ತೋರಿಸದಿರಲು ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆಯಿಂದ ಉಚಿತವಾಗಿಯೇ ಸಿಗುತ್ತದೆ. ಅದಕ್ಕೆ ಅಂತ ಯಾರಾದರೂ ವರ್ಷಕ್ಕೆ ಸಾವಿರಾರು ರೂಪಾಯಿ ಕೇಳಿದರೆ ಯಾಕೆ ಅಂತ ಕೇಳಿ ನೋಡಿ.

ಗೂಗಲ್ ಪ್ಲೇ ಖಾತೆಗೆ ಒಂದೇ ಸಲ 25 ಡಾಲರ್. ಆಪಲ್‌ಗೆ ಪ್ರತಿ ವರ್ಷ 99 ಡಾಲರ್. ಶಿವಮೊಗ್ಗದ ಒಳಗಿನ ವ್ಯವಹಾರಕ್ಕೆ ಐಫೋನ್ ಆ್ಯಪ್ ಬೇಕೇ ಅಂತ ಯೋಚಿಸುವುದು ಇದೇ ಕಾರಣಕ್ಕೆ.

ಆ್ಯಪ್ ಮಾಡಿಸಿ ಹಾಗೇ ಬಿಡುವಂತಿಲ್ಲ ಅನ್ನುವುದೂ ಗೊತ್ತಿರಲಿ. ಹೊಸ ಆಂಡ್ರಾಯ್ಡ್ ಬಂದಂತೆ ಗೂಗಲ್ ಪ್ರತಿ ವರ್ಷ ಕನಿಷ್ಠ ಮಟ್ಟ ಏರಿಸುತ್ತದೆ. 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗಳು ಮತ್ತು ಅಪ್‌ಡೇಟ್‌ಗಳು ಆಂಡ್ರಾಯ್ಡ್ 15ಕ್ಕೆ ತಕ್ಕಂತೆ ಇರಬೇಕು ಎಂದಾಯಿತು. ಮುಟ್ಟದೇ ಬಿಟ್ಟ ಆ್ಯಪ್ ಕ್ರಮೇಣ ಹೊಸ ಫೋನುಗಳಲ್ಲಿ ಹುಡುಕಿದರೆ ಸಿಗುವುದೇ ಇಲ್ಲ. ವರ್ಷಕ್ಕೊಮ್ಮೆ ಈ ಕೆಲಸಕ್ಕೆ ನಾನು ಬೇರೆ ಬಿಲ್ ಮಾಡುತ್ತೇನೆ.

ಡೊಮೇನ್ ನೀವೇ ತಗೊಂಡುಬಿಡಿ, ನಮಗೆ ಅದೆಲ್ಲ ಗೊತ್ತಾಗಲ್ಲ. ಆಗಲ್ವಾ?

ಆಗಲ್ಲ. ಈ ವಿಷಯದಲ್ಲಿ ಮಾತ್ರ ನಾನು ಹಟ ಮಾಡುತ್ತೇನೆ.

ಡೊಮೇನ್ ಯಾರ ಹೆಸರಲ್ಲಿ, ಯಾವ ಇಮೇಲ್‌ನಲ್ಲಿ ನೋಂದಣಿಯಾಗಿದೆಯೋ ಅವರೇ ಅದರ ಮಾಲೀಕರು. ನಿಮ್ಮ ಅಂಗಡಿಯ ಬೋರ್ಡ್, ವಿಸಿಟಿಂಗ್ ಕಾರ್ಡ್, ಬಿಲ್ ಪುಸ್ತಕ ಎಲ್ಲದರ ಮೇಲೂ ಆ ಹೆಸರು ಇರುತ್ತದೆ. ಡೆವಲಪರ್ ಜೊತೆ ಮನಸ್ತಾಪ ಆಯಿತು ಅಂತಿಟ್ಟುಕೊಳ್ಳಿ, ಅಥವಾ ಅವರು ಊರು ಬಿಟ್ಟು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದರು. ನವೀಕರಣದ ಇಮೇಲ್ ಅವರಿಗೆ ಹೋಗುತ್ತದೆ, ಅವರು ನೋಡುವುದಿಲ್ಲ. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ಮೇಲೆ ಕೆಲವು ದಿನ ಮಾಮೂಲಿ ದರಕ್ಕೇ ಉಳಿಸಿಕೊಳ್ಳಬಹುದು. ಆಮೇಲೆ ಸುಮಾರು 30 ದಿನ ಭಾರೀ ದಂಡ ಕಟ್ಟಿದರೆ ಮಾತ್ರ ಸಿಗುತ್ತದೆ. ಅದೂ ದಾಟಿದರೆ ಯಾರು ಬೇಕಾದರೂ ಕೊಳ್ಳಬಹುದು.

ಹಾಗಾಗಿ ನನ್ನ ಎದುರು ಕೂತು ನಿಮ್ಮ ಫೋನ್ ನಂಬರ್, ನಿಮ್ಮ ಇಮೇಲ್, ನಿಮ್ಮ ಕಾರ್ಡ್‌ನಿಂದ ನೀವೇ ಖಾತೆ ತೆರೆಯಿರಿ. ಪಕ್ಕದಲ್ಲಿ ನಾನಿರುತ್ತೇನೆ. ಪಾಸ್‌ವರ್ಡ್ ನನಗೆ ಹೇಳುವುದು ಬೇಡ, ನನಗೆ ಬೇಕಾದಷ್ಟು ಅನುಮತಿ ಮಾತ್ರ ಕೊಟ್ಟರೆ ಆಯಿತು. ಮಗಳದೋ ಅಳಿಯನದೋ ಇಮೇಲ್ ಆದರೂ ನಡೆಯುತ್ತದೆ. ನನ್ನದು ಬೇಡ.

ಕನ್ನಡದಲ್ಲೇ ಬರೆಯುವ ಡಾಟ್ ಭಾರತ ಹೆಸರುಗಳೂ ಸಿಗುತ್ತವೆ. ಅಭಿಮಾನಕ್ಕೆ ಒಂದು ತೆಗೆದಿಡಿ, ಸಂತೋಷ. ಆದರೆ ಇಮೇಲ್‌ಗೆ ಅದನ್ನೇ ನಂಬಬೇಡಿ. ಎಷ್ಟೋ ಫಾರಂಗಳು ಇನ್ನೂ ಅದನ್ನು ತಪ್ಪು ವಿಳಾಸ ಅಂತಲೇ ತಿಳಿಯುತ್ತವೆ.

ಪ್ಲೇ ಸ್ಟೋರ್‌ಗೆ ನಿಮ್ಮ ಖಾತೆಯಿಂದ ಹಾಕಿದರೆ ಬೇಗ ಆಗುತ್ತಲ್ವಾ?

ಬೇಗ ಆಗುತ್ತದೆ, ನಿಜ. ನೀವು ಹೊಸ ಖಾತೆ ತೆರೆದರೆ ತಡವಾಗುತ್ತದೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಗಳಿಗೆ ಗೂಗಲ್ ಒಂದು ಷರತ್ತು ಹಾಕಿದೆ. ಕನಿಷ್ಠ 12 ಜನ ಸತತ 14 ದಿನ ಪರೀಕ್ಷಕರಾಗಿ ಸೇರಿಕೊಂಡಿರಬೇಕು, ಆಮೇಲಷ್ಟೇ ಎಲ್ಲರಿಗೂ ಬಿಡುಗಡೆ. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ 12ಕ್ಕೆ ಇಳಿಸಿದರು. ಸಂಸ್ಥೆಯ ಹೆಸರಿನ ಖಾತೆಗೆ ಈ ಪರೀಕ್ಷೆಯ ಕಾಟ ಇಲ್ಲ. ಆದರೆ ಸಂಸ್ಥೆಯನ್ನು ಗುರುತಿಸುವ ಡಿ-ಯು-ಎನ್-ಎಸ್ ಅನ್ನುವ ಸಂಖ್ಯೆ ಬೇಕು, ಅದು ಕೈಗೆ ಬರಲು ಕೆಲವು ವಾರ ಹಿಡಿಯಬಹುದು.

ಇಷ್ಟೆಲ್ಲ ಇದ್ದರೂ ಖಾತೆ ನಿಮ್ಮದೇ ಇರಲಿ. ನನ್ನ ಖಾತೆಯಲ್ಲಿ ಹತ್ತು ಜನರ ಆ್ಯಪ್ ಇದ್ದು, ಅದರಲ್ಲಿ ಒಂದು ನಿಯಮ ಮುರಿದು ಗೂಗಲ್ ಖಾತೆಯನ್ನೇ ಮುಚ್ಚಿದರೆ ಉಳಿದ ಒಂಬತ್ತೂ ಹೋಗುತ್ತವೆ. ಪರೀಕ್ಷೆಗೆ ಜನ ಸೇರಿಸುವುದು ಕಷ್ಟವೇನಲ್ಲ. ಸಿಬ್ಬಂದಿ, ನೆಂಟರು, ಖಾಯಂ ಗಿರಾಕಿಗಳು ಸೇರಿದರೆ 12 ಆಗಿಯೇ ಆಗುತ್ತದೆ. ಒಂದಿಬ್ಬರು ಮಧ್ಯದಲ್ಲಿ ಕೈಕೊಡುತ್ತಾರೆ, ಅದಕ್ಕೆ ನಾಲ್ಕೈದು ಜನ ಜಾಸ್ತಿ ಇಟ್ಟುಕೊಳ್ಳಿ.

ದುಡ್ಡು ಕೊಟ್ಟಿದ್ದೇವೆ. ಕೋಡ್ ನಮ್ಮದೇ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿರುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರಿಗೆ ಸೇರುತ್ತದೆ. ನನ್ನಂಥ ಹೊರಗಿನವನು ಬರೆದ ಕೋಡ್ ಹಾಗಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಅದು ಬರೆದವನದ್ದೇ. ನಿಮ್ಮದಾಗಬೇಕಾದರೆ ಲಿಖಿತ ವರ್ಗಾವಣೆ ಬೇಕು, ಅದಕ್ಕೆ ಬರೆದವನ ಸಹಿ ಇರಬೇಕು.

ಆ ಪತ್ರದಲ್ಲೂ ಎರಡು ಗುಂಡಿ ಇವೆ. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಅಂತ ಕಾಯ್ದೆ ಹೇಳುತ್ತದೆ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಿಮ್ಮ ಉಪ್ಪಿನಕಾಯಿ ದುಬೈಗೂ ಹೋಗುತ್ತಿದ್ದರೆ, ಮುಂದೆ ಆ್ಯಪೂ ಅಲ್ಲಿಗೆ ಹೋಗಬಹುದು ಅನಿಸಿದರೆ ಈ ಎರಡು ಸಾಲು ಮುಖ್ಯ. ನನ್ನ ಒಪ್ಪಂದದಲ್ಲಿ ‘ಕಾಪಿರೈಟ್ ಇರುವಷ್ಟು ಕಾಲ, ಎಲ್ಲ ದೇಶಗಳಿಗೂ’ ಎಂದು ಬರೆದಿರುತ್ತದೆ. ಕೊನೆಯ ಕಂತು ಬಂದ ದಿನ ಅದು ಜಾರಿಗೆ ಬರುತ್ತದೆ.

ವರ್ಗಾವಣೆಗೆ ಸೇರದ ಭಾಗವೂ ಇರುತ್ತದೆ. ಸೈಟ್ ಕಟ್ಟುವ ವರ್ಡ್‌ಪ್ರೆಸ್, ಆ್ಯಪ್ ಕಟ್ಟುವ ಫ್ಲಟರ್ ಇವೆಲ್ಲ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶ. ಅವನ್ನು ಯಾರೂ ನಿಮಗೊಬ್ಬರಿಗೇ ಅಂತ ಮಾರಲು ಬರುವುದಿಲ್ಲ. ಎಲ್ಲ ಕೆಲಸಕ್ಕೂ ನಾನು ಮತ್ತೆ ಮತ್ತೆ ಬಳಸುವ ಸಣ್ಣಪುಟ್ಟ ಕೋಡ್ ನನ್ನ ಬಳಿಯೇ ಉಳಿಯುತ್ತದೆ. ಅದನ್ನು ನೀವು ಶಾಶ್ವತವಾಗಿ ಬಳಸಬಹುದು, ಬದಲಿಸಬಹುದು ಅಂತ ಬರೆದು ಕೊಡುತ್ತೇನೆ.

ಪೂರ್ತಿ ಕನ್ನಡದಲ್ಲಿ ಮಾಡಿಕೊಡ್ತೀರಾ?

ಖಂಡಿತ. ಇದು ನನಗೆ ಇಷ್ಟದ ಕೆಲಸ. ಜಾಸ್ತಿ ಸಮಯ ಹಿಡಿಯುವುದೂ ಇದೇ.

ಮೊದಲ ತೊಡಕು ನಿಮ್ಮ ಹಳೆಯ ಬರಹ. ಪ್ರೆಸ್‌ನವರು ಕೊಟ್ಟ ಪೇಜ್‌ಮೇಕರ್ ಫೈಲ್‌ನಲ್ಲಿ ಕನ್ನಡ ಕಾಣುತ್ತದೆ. ಆದರೆ ಅದು ನುಡಿ, ಶ್ರೀಲಿಪಿಯಂಥ ಹಳೆಯ ಫಾಂಟ್‌ನಲ್ಲಿ ಇರುತ್ತದೆ. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಕನ್ನಡ ಕಾಣುವುದು ಫಾಂಟ್‌ನ ಕೈಚಳಕ. ವೆಬ್‌ಗೆ ಯೂನಿಕೋಡ್, ಅಂದರೆ ಎಲ್ಲ ಫೋನು, ಕಂಪ್ಯೂಟರ್‌ಗಳೂ ಕನ್ನಡ ಅಂತಲೇ ಗುರುತಿಸುವ ಅಕ್ಷರ ಸಂಕೇತ ಬೇಕು. ಪರಿವರ್ತಿಸುವ ಸಾಧನಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಎಡವುತ್ತವೆ. ಯಾರಾದರೂ ಕೂತು ಸಾಲುಸಾಲಾಗಿ ಓದಿ ತಿದ್ದಬೇಕು. ನಿಮ್ಮ ಕಡೆಯಿಂದ ಒಬ್ಬರು ಓದಿ ಒಪ್ಪಿಗೆ ಕೊಡದೆ ನಾನು ಪ್ರಕಟಿಸುವುದಿಲ್ಲ. ಕ್ಲಿನಿಕ್‌ನ ಸೈಟ್‌ನಲ್ಲಿ ಔಷಧದ ಹೆಸರು ತಪ್ಪಾಗಿ ಕೂರಬಾರದು.

ಎರಡನೆಯದು ವಿನ್ಯಾಸ. ‘ರಾಷ್ಟ್ರೀಯ’, ‘ಸ್ತ್ರೀ’ ಅಂತ ಬರೆದಾಗ ಒತ್ತು ಕೆಳಗೆ ಇಳಿಯುತ್ತದೆ. ಇಂಗ್ಲಿಷ್‌ಗೆ ಅಂತ ಮಾಡಿದ ರೆಡಿಮೇಡ್ ಥೀಮ್‌ನಲ್ಲಿ ಸಾಲುಗಳ ನಡುವೆ ಜಾಗ ಸಾಲುವುದಿಲ್ಲ. ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಬಟನ್ ಒಳಗಾದರೆ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರವನ್ನು ಅಕ್ಷರದ ಅಳತೆಯ 1.6ರಿಂದ 1.8 ಪಟ್ಟು ಇಟ್ಟರೆ ಓದಲು ಹಿತ. ಫಾಂಟ್‌ಗೆ ದುಡ್ಡು ಕೊಡಬೇಕಿಲ್ಲ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಎಲ್ಲ ಉಚಿತ. ಶೀರ್ಷಿಕೆಗೆ ಬಾಲೂ ತಮ್ಮ ಚೆನ್ನ. ಉದ್ದ ಬರಹಕ್ಕೆ ಅದು ದಪ್ಪವಾಯಿತು ಅಂತ ನನಗನಿಸುತ್ತದೆ.

ಮೂರನೆಯದು ಬಿಲ್. ಪರದೆಯ ಮೇಲೆ ಸರಿಯಾಗಿ ಕಾಣುವ ಕನ್ನಡ ಪಿಡಿಎಫ್ ಮಾಡಿದ ತಕ್ಷಣ ಕೆಡುತ್ತದೆ. ‘ಕೃಷ್ಣಪ್ಪ’ ಅನ್ನುವ ಹೆಸರಿನ ಒತ್ತುಗಳೆಲ್ಲ ಬಿಡಿಬಿಡಿಯಾಗಿ ಪಕ್ಕಕ್ಕೆ ಬಂದು ಕೂರುತ್ತವೆ. ಪಿಡಿಎಫ್ ಮಾಡುವ ಜನಪ್ರಿಯ ಲೈಬ್ರರಿಗಳಲ್ಲಿ, ಅಂದರೆ ಸಿದ್ಧ ಕೋಡ್‌ಗಳಲ್ಲಿ, ಹಲವಕ್ಕೆ ಅಕ್ಷರ ಜೋಡಿಸುವ ವಿದ್ಯೆ ಗೊತ್ತಿಲ್ಲ. ಬ್ರೌಸರ್‌ಗೆ ಗೊತ್ತು. ಅದಕ್ಕೆ ನಾನು ಬಿಲ್ಲನ್ನು ವೆಬ್ ಪುಟವಾಗಿ ಮಾಡಿ ಬ್ರೌಸರ್‌ನಿಂದಲೇ ಪಿಡಿಎಫ್ ತೆಗೆಸುತ್ತೇನೆ. ಅಂಗಡಿಗಳಲ್ಲಿ ಇರುವ ಚಿಕ್ಕ ಥರ್ಮಲ್ ಪ್ರಿಂಟರ್‌ಗಳಲ್ಲಿ ಸಾಮಾನ್ಯವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಅಲ್ಲಿ ಬಿಲ್ಲನ್ನು ಚಿತ್ರ ಮಾಡಿ ಕಳಿಸಬೇಕು. ಸ್ವಲ್ಪ ನಿಧಾನ, ಆದರೆ ಓದಲು ಬರುತ್ತದೆ.

ಹುಡುಕಾಟವನ್ನೂ ಮರೆಯುವಂತಿಲ್ಲ. ಒಬ್ಬರು ‘ಅಡಿಕೆ’ ಅಂತ ಹುಡುಕುತ್ತಾರೆ, ಇನ್ನೊಬ್ಬರು ‘ಅಡಕೆ’, ಮತ್ತೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಅದನ್ನೇ ಬರೆಯುತ್ತಾರೆ. ಮೂವರಿಗೂ ಒಂದೇ ಸರಕು ಸಿಗಬೇಕು ಅಲ್ವಾ?

ಒಟಿಪಿ ಲಾಗಿನ್ ಬೇಕು. ಅದೇನು ದೊಡ್ಡ ಕೆಲಸವಾ?

ಕೋಡ್ ಸಣ್ಣದು, ಕಾಗದಪತ್ರ ದೊಡ್ಡದು. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದಂತೆ ವ್ಯವಹಾರದ ಎಸ್‌ಎಂಎಸ್ ಕಳಿಸುವವರು ಟೆಲಿಕಾಂ ಕಂಪನಿಗಳ ಡಿಎಲ್‌ಟಿ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಬೇಕು. ಸಂಸ್ಥೆಯ ದಾಖಲೆ, ಕಳಿಸುವವರ ಹೆಸರು, ಸಂದೇಶದ ಮಾದರಿ ಎಲ್ಲಕ್ಕೂ ಮೊದಲೇ ಒಪ್ಪಿಗೆ ಬೇಕು. ಮಾದರಿಯಲ್ಲಿ ಇಲ್ಲದ ಒಂದು ಪದ ಸೇರಿದರೂ ಸಂದೇಶ ಹೋಗುವುದಿಲ್ಲ. ಇದನ್ನು ನಿಮ್ಮ ಹೆಸರಲ್ಲೇ ಮಾಡಬೇಕು, ಅರ್ಜಿ ತುಂಬಲು ನಾನು ಸಹಾಯ ಮಾಡುತ್ತೇನೆ.

ಇಂಗ್ಲಿಷ್ ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಯುತ್ತದೆ, ಕನ್ನಡದಲ್ಲಿ 70. ಕಾಗುಣಿತ, ಒತ್ತು ಎಲ್ಲವೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ಕನ್ನಡದಲ್ಲಿ ಎರಡು ಸಾಲು ಬರೆದರೆ ಎರಡು ಎಸ್‌ಎಂಎಸ್‌ನ ದುಡ್ಡು. ಸಣ್ಣ ವ್ಯವಹಾರಕ್ಕೆ ಗೂಗಲ್ ಲಾಗಿನ್ ಅಥವಾ ಸಾದಾ ಪಿನ್ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಆನ್‌ಲೈನ್ ಪೇಮೆಂಟ್ ಹೇಗೆ?

ದಿನಕ್ಕೆ ನಾಲ್ಕಾರು ಆರ್ಡರ್ ಇದ್ದರೆ ನಿಮ್ಮ ಯುಪಿಐ ಕ್ಯೂಆರ್ ಕೋಡ್ ಸೈಟ್‌ನಲ್ಲಿ ಹಾಕಿ, ಬ್ಯಾಂಕ್ ಆ್ಯಪ್ ನೋಡಿ ಖಚಿತ ಮಾಡಿಕೊಳ್ಳಿ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಸರಕು ಕಳಿಸಬೇಡಿ. ನಕಲಿ ಸ್ಕ್ರೀನ್‌ಶಾಟ್ ತಯಾರಿಸುವುದು ಮಕ್ಕಳಾಟ.

ಆರ್ಡರ್ ಜಾಸ್ತಿಯಾದರೆ ಗಿರಾಕಿಯಿಂದ ಹಣ ಪಡೆದು ನಿಮ್ಮ ಬ್ಯಾಂಕ್‌ಗೆ ತಲುಪಿಸುವ ರೇಜರ್‌ಪೇಯಂಥ ಗೇಟ್‌ವೇ ಬೇಕಾಗುತ್ತದೆ. ಸುಮಾರು ಶೇ 2 ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ. ಖಾತೆ ನಿಮ್ಮ ಪ್ಯಾನ್, ನಿಮ್ಮ ಬ್ಯಾಂಕ್‌ನಲ್ಲೇ ತೆರೆಯಬೇಕು. ಸೈಟ್‌ನಲ್ಲಿ ಹಣ ವಾಪಸಿನ ನಿಯಮ, ಖಾಸಗಿತನದ ನೀತಿ, ಸಂಪರ್ಕ ವಿಳಾಸ ಇಲ್ಲದಿದ್ದರೆ ಅವರು ಅರ್ಜಿ ಒಪ್ಪುವುದಿಲ್ಲ. ನಿಮ್ಮ ಗಿರಾಕಿಯ ಹಣ ಒಂದು ಕ್ಷಣವೂ ನನ್ನ ಖಾತೆಗೆ ಬರಬಾರದು.

ಗಿರಾಕಿಗಳ ಮಾಹಿತಿ ಇಟ್ಟುಕೊಳ್ಳಬಹುದಾ?

ಬೇಕಾದಷ್ಟು ಮಾತ್ರ. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 2025ರ ನವೆಂಬರ್‌ನಲ್ಲಿ ನಿಯಮಗಳೂ ಪ್ರಕಟವಾದವು, ಹಂತ ಹಂತವಾಗಿ ಜಾರಿಯಾಗುತ್ತಿವೆ. ಯಾಕೆ ಕೇಳುತ್ತಿದ್ದೀರಿ ಅಂತ ಹೇಳಿ ಒಪ್ಪಿಗೆ ಪಡೆಯಬೇಕು. 18 ವರ್ಷದ ಒಳಗಿನವರಾದರೆ ತಂದೆ ತಾಯಿಯ ಒಪ್ಪಿಗೆ ಬೇಕು, ಟ್ಯೂಷನ್‌ನವರು ಗಮನಿಸಿ. ದಂಡದ ಗರಿಷ್ಠ ಮಿತಿ 250 ಕೋಟಿ. ಅಷ್ಟು ದೊಡ್ಡ ಮೊತ್ತ ನಮ್ಮೂರಿನ ಅಂಗಡಿಗೆ ಬೀಳುತ್ತದೆ ಅಂತ ನಾನು ಹೆದರಿಸುವುದಿಲ್ಲ. ಆದರೆ ಹೋಂಸ್ಟೇಗೆ ಬಂದವರ ಆಧಾರ್ ಫೋಟೋಗಳು ಮ್ಯಾನೇಜರ್‌ನ ಸ್ವಂತ ವಾಟ್ಸ್ಆ್ಯಪ್‌ನಲ್ಲಿ ಬಿದ್ದಿರುವುದನ್ನು ಇವತ್ತೇ ಸರಿಮಾಡಿಕೊಳ್ಳಿ.

ಎಷ್ಟು ದಿನದಲ್ಲಿ ಮುಗಿಯುತ್ತೆ?

ಸಾದಾ ಸೈಟ್ ಮೂರು ವಾರ, ಆ್ಯಪ್ ಮೂರ್ನಾಲ್ಕು ತಿಂಗಳು. ತಡವಾಗುವುದು ಹೆಚ್ಚಾಗಿ ಫೋಟೋ ಮತ್ತು ಬರಹಕ್ಕಾಗಿ ಕಾಯುವುದರಿಂದ. ಹಬ್ಬದ ವ್ಯಾಪಾರಕ್ಕೆ ಬೇಕಿದ್ದರೆ ಗಣೇಶನ ಹಬ್ಬದ ಹಿಂದಿನ ವಾರ ಬಂದು ದಸರಾಕ್ಕೆ ಆ್ಯಪ್ ಕೇಳಬೇಡಿ. ಯುಗಾದಿ ಮುಗಿದ ಕೂಡಲೇ ಬನ್ನಿ.

ಗೂಗಲ್‌ನಲ್ಲಿ ನಮ್ಮದೇ ಮೊದಲು ಬರುತ್ತಾ?

ಮಾತು ಕೊಡಲು ಆಗುವುದಿಲ್ಲ. ಕೊಡುವವರನ್ನು ನಂಬಬೇಡಿ.

ಈಗ ಎಐ ಐದು ನಿಮಿಷದಲ್ಲಿ ಸೈಟ್ ಮಾಡುತ್ತಲ್ಲ, ನೀವ್ಯಾಕೆ?

ಒಂದು ಪುಟದ ಸೈಟ್ ಆದರೆ ಎಐ ಹತ್ತಿರವೇ ಮಾಡಿಸಿಕೊಳ್ಳಿ, ನನಗೆ ಬೇಜಾರಿಲ್ಲ. ನಾನೂ ಅದನ್ನು ದಿನಾ ಬಳಸುತ್ತೇನೆ. ನೀವು ನನಗೆ ಕೊಡುವ ದುಡ್ಡಿನಲ್ಲಿ ಕೋಡ್ ಬರೆಯುವ ಪಾಲು ಕಡಿಮೆಯಾಗುತ್ತಿದೆ. ಉಳಿದದ್ದು ಬೇರೆ ಥರದ ಕೆಲಸ. ಹಣ ಕಟ್ಟಾಯಿತು, ಬುಕಿಂಗ್ ಆಗಲಿಲ್ಲ ಅಂತ ರಾತ್ರಿ ಅತಿಥಿ ಗಲಾಟೆ ಮಾಡುತ್ತಿರುವಾಗ ಗೇಟ್‌ವೇ ದಾಖಲೆ ತೆಗೆದು, ಎಲ್ಲಿ ತಪ್ಪಿತು ಅಂತ ಕಂಡುಹಿಡಿದು, ನಿಮಗೆ ಅರ್ಥವಾಗುವಂತೆ ಹೇಳುವ ಕೆಲಸ ಅದು.

ಜಿಎಸ್‌ಟಿ ಬಿಲ್ ಕೊಡ್ತೀರಾ? ಟಿಡಿಎಸ್ ಹಿಡಿಯಬೇಕಾ?

ಸೇವೆ ಕೊಡುವವರಿಗೆ ವರ್ಷಕ್ಕೆ 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ನಾನು ಆ ಮಿತಿಯ ಒಳಗಿದ್ದೇನೆ. ಸಾದಾ ಬಿಲ್ ಕೊಡುತ್ತೇನೆ, ಶೇ 18 ಸೇರಿಸುವುದಿಲ್ಲ. ನಿಮಗೆ ಟಿಡಿಎಸ್ ಅನ್ವಯಿಸುತ್ತದೋ ಇಲ್ಲವೋ, ಶೇ 2 ಹಿಡಿಯಬೇಕೋ 10 ಹಿಡಿಯಬೇಕೋ ನಿಮ್ಮ ಆಡಿಟರ್ ಹೇಳುತ್ತಾರೆ. ಹಿಡಿದದ್ದನ್ನು ನನ್ನ ಪ್ಯಾನ್‌ಗೆ ಕಟ್ಟಿ, ಪ್ರಮಾಣಪತ್ರ ಕೊಡಿ. ಹಿಡಿದು ಕಟ್ಟದೇ ಇದ್ದರೆ ಮುಂದಿನ ಕೆಲಸ ಶುರು ಮಾಡುವುದಿಲ್ಲ.

ನೀವು ಒಬ್ಬರೇ. ನಾಳೆ ನಿಮಗೇನಾದ್ರೂ ಆದ್ರೆ?

ಒಳ್ಳೆಯ ಪ್ರಶ್ನೆ, ಕೇಳಲು ಸಂಕೋಚ ಬೇಡ. ಡೊಮೇನ್, ಹೋಸ್ಟಿಂಗ್, ಪ್ಲೇ ಸ್ಟೋರ್, ಗೇಟ್‌ವೇ ಎಲ್ಲ ನಿಮ್ಮ ಹೆಸರಲ್ಲಿ ಇರಲಿ ಅಂತ ಮೇಲೆ ಇಷ್ಟು ಹಟ ಮಾಡಿದ್ದು ಇದಕ್ಕೇ. ಕೋಡ್ ಇಡುವ ತಾಣ ಗಿಟ್‌ಹಬ್, ಅಲ್ಲಿ ಕೋಡ್ ನಿಮ್ಮ ಖಾತೆಯಲ್ಲೇ ಇರುತ್ತದೆ. ಯಾವುದು ಎಲ್ಲಿದೆ, ಯಾವಾಗ ನವೀಕರಿಸಬೇಕು, ಬ್ಯಾಕಪ್ ಎಲ್ಲಿ ಬೀಳುತ್ತದೆ ಅನ್ನುವ ಎರಡು ಪುಟದ ಟಿಪ್ಪಣಿಯನ್ನು ಕನ್ನಡದಲ್ಲಿ ಪ್ರಿಂಟ್ ತೆಗೆದು ಕೊಡುತ್ತೇನೆ. ಬೇರೆ ಡೆವಲಪರ್ ಅದನ್ನು ಹಿಡಿದು ಕೆಲಸ ಮುಂದುವರಿಸಬಹುದು. ನನ್ನ ಕೆಲಸ ಇಷ್ಟವಾಗದೆ ಬೇರೆಯವರ ಹತ್ತಿರ ಹೋಗುವುದಾದರೂ ಅದೇ ಟಿಪ್ಪಣಿ ಸಾಕು, ನನ್ನನ್ನು ಕೇಳಬೇಕಾಗಿಲ್ಲ.

ಬೇರೆಯವರು ಅರ್ಧಕ್ಕೆ ಬಿಟ್ಟ ಆ್ಯಪ್ ಮುಗಿಸಿಕೊಡ್ತೀರಾ?

ಮೊದಲು ಎರಡು ದಿನ ಕೋಡ್ ಓದಿ ವರದಿ ಕೊಡುತ್ತೇನೆ, ಅದಕ್ಕೆ 5,000 ರೂಪಾಯಿ. ಕೆಲವೊಮ್ಮೆ ಹೊಸದಾಗಿ ಬರೆಯುವುದೇ ಅಗ್ಗ ಅಂತ ವರದಿಯಲ್ಲಿ ಇರುತ್ತದೆ. ಹಿಂದಿನವರಿಗೆ ದುಡ್ಡು ಬಾಕಿ ಇದ್ದರೆ ಮೊದಲು ಅದನ್ನು ಮುಗಿಸಿಕೊಂಡು ಬನ್ನಿ. ಕಾಪಿರೈಟ್ ಅವರದ್ದೇ ಇರಬಹುದು.

ಯಾವ ಕೆಲಸ ಒಪ್ಪಲ್ಲ?

ಬೆಟ್ಟಿಂಗ್, ಸಾಲದ ಆ್ಯಪ್, ಇನ್ನೊಬ್ಬರ ಸೈಟ್‌ನ ನಕಲು. ‘ಲಾಭದಲ್ಲಿ ಪಾಲು ಕೊಡ್ತೀವಿ, ಈಗ ದುಡ್ಡಿಲ್ಲ’ ಅನ್ನುವುದನ್ನೂ ಒಪ್ಪುವುದಿಲ್ಲ.

ಭಾನುವಾರ ಫೋನ್ ಮಾಡಬಹುದಾ?

ಸೈಟ್ ಬಿದ್ದಿದ್ದರೆ ಯಾವ ಹೊತ್ತಿಗಾದರೂ ಮಾಡಿ. ಲೋಗೋ ಬಣ್ಣ ಬದಲಿಸುವ ಮಾತಾದರೆ ಸೋಮವಾರ ಬೆಳಿಗ್ಗೆ ಹತ್ತರ ಮೇಲೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಫೋನ್ ಸಿಗದಿದ್ದರೆ ಮೆಸೇಜ್ ಹಾಕಿಡಿ.